ಹತ್ತು ಗಂಟೆಯ ಕೂಗು

ಆ ದಿನ ಕಾಪುವಿನ ಮೀನಿನ ಹೆಂಗಸು ನಮ್ಮ ಅಂಗಳದಲ್ಲಿ ಬುಟ್ಟಿ ಇಳಿಸಿ ಕೂತು, ನಮ್ಮೂರ ಸೈರನ್ನಿಗಿಂತ ಅವರೂರ ಸೈರನ್ನೇ ಜೋರು ಎಂದು ವಾದಿಸುತ್ತಿದ್ದಳು.

"ನಮ್ಮದು ಕೂಗಿದ್ರೆ ದೀಪಸ್ತಂಭದ ಬುಡದಲ್ಲಿ ಮಲಗಿದ ನಾಯಿಯೂ ಎದ್ದು ನಿಲ್ತದೆ ಬಾಯಮ್ಮ. ನಿಮ್ಮ ಕಟಪಾಡಿಯದ್ದು ಎಂತ, ತಾಯಿ ಬಿಟ್ಟ ಕರು ಕೂಗಿದ ಹಾಗೆ."

ಮಾಂಯ್, ನಮ್ಮ ಅಮ್ಮ, ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದಳು. "ನಿನ್ನ ಮೀನು ಯಾವ ಸೈರನ್ನಿಗೂ ಏಳುವ ಹಾಗೆ ಕಾಣುವುದಿಲ್ಲ ಮಾರಾಯ್ತಿ. ಮೊನ್ನೆಯದ್ದಾ?"

"ಮೊನ್ನೆಯದ್ದಾ! ಇವತ್ತು ಬೆಳಿಗ್ಗೆ ಬಲೆಯಿಂದ ತೆಗೆದದ್ದು. ಕಣ್ಣು ನೋಡಿ, ನಿಮ್ಮನ್ನೇ ನೋಡ್ತಾ ಉಂಟು."

ಅಕ್ಕ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದವಳು ನಕ್ಕಳು. ಬಾಳೆನಾರಿನ ತುದಿ ಹಲ್ಲಲ್ಲಿ ಇತ್ತು, ಆದ್ದರಿಂದ ಅವಳ ನಗು ಮೂಗಿನಿಂದ ಬಂತು. ಅಷ್ಟರಲ್ಲಿ ಸೈರನ್ ಕೂಗಿತು. ಅಕ್ಕ ನಾರನ್ನು ಬಾಯಿಂದ ತೆಗೆದು, ಒಳಗಿದ್ದ ಪಪ್ಪನಿಗೆ ಕೇಳುವ ಹಾಗೆ, "ಹತ್ತಾಯ್ತು!" ಎಂದು ಕೂಗಿದಳು. ಪಪ್ಪ ಬೆಂಚಿನ ಮೇಲೆ ಹತ್ತಿ ಗೋಡೆ ಗಡಿಯಾರದ ಗಾಜಿನ ಬಾಗಿಲು ತೆರೆದು, ಉದ್ದ ಮುಳ್ಳನ್ನು ಬೆರಳಿನಿಂದ ಮುಂದೆ ತಳ್ಳಿದರು.

"ಪೊರ್ಬುಗಳಿಗೆ ದಿನಾ ಗಡಿಯಾರಕ್ಕೆ ಮದ್ದು ಕೊಡ್ಲಿಕ್ಕುಂಟು," ಎಂದಳು ಮೀನಿನವಳು. ನಮ್ಮಂಥ ಕ್ರೈಸ್ತರ ಮನೆಯ ಗಂಡಸರನ್ನು ಅವಳು ಕರೆಯುತ್ತಿದ್ದದ್ದು ಹಾಗೆ.

ಅಕ್ಕ ಕಟ್ಟಿದ ಹೂವನ್ನು ಬಾಳೆಲೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿಕೊಂಡು ಹೊರಟಳು. ಗೇಟಿನ ಹತ್ತಿರ ತಿರುಗಿ ನನಗೆ ಹೇಳಿದಳು, "ಬಂಗುಡೆಯ ಮೊಟ್ಟೆ ನನಗೆ. ನೀನು ಮುಟ್ಟಿದ್ರೆ ಉಂಟಲ್ಲ!" ಮಧ್ಯಾಹ್ನಕ್ಕೆ ವಾಪಸ್ಸು ಬಂದು ಅದನ್ನು ತಿಂದಳು. ನನಗೂ ಅರ್ಧ ಕೊಟ್ಟಳು. ಆ ದಿನದ ಬಗ್ಗೆ ಹೇಳಲು ಇರುವುದು ಇಷ್ಟೇ. ಅದು ಕೊನೆಯ ಸಾಧಾರಣ ದಿನ ಎಂದು ಗೊತ್ತಿದ್ದರೆ ಇನ್ನಷ್ಟು ನೋಡಿ ಇಟ್ಟುಕೊಳ್ಳುತ್ತಿದ್ದೆ.

ನಮ್ಮ ಮನೆ ಇದ್ದದ್ದು ಕಟಪಾಡಿಯಿಂದ ಶಂಕರಪುರಕ್ಕೆ ಹೋಗುವ ದಾರಿಯಲ್ಲಿ. ಪಪ್ಪ ಹರೆಯದಲ್ಲಿ ಮುಂಬಯಿಯ ಬೇಕರಿಯೊಂದರಲ್ಲಿ ಕೆಲಸ ಮಾಡಿ, ಹಿಟ್ಟಿನ ಧೂಳಿನಿಂದ ದಮ್ಮು ಹಿಡಿದು ಊರಿಗೆ ಬಂದವರು. ಬರುವಾಗ ತಂದದ್ದು ಆ ಗೋಡೆ ಗಡಿಯಾರ. ಅದು ದಿನವೂ ಸ್ವಲ್ಪ ಹಿಂದೆ ಬೀಳುತ್ತಿತ್ತು. ಮನೆಯ ಸುತ್ತ ಮಲ್ಲಿಗೆ ಗಿಡಗಳಿದ್ದವು. ನಸುಕಿನಲ್ಲೇ ಮೊಗ್ಗು ಕೊಯ್ದು, ಕಟ್ಟಿ, ಉಡುಪಿಗೆ ಹೋಗುವ ಬಸ್ಸಿಗೆ ತಲುಪಿಸಬೇಕು. ಬಸ್ಸು ತಪ್ಪಿದರೆ ಹೂವು ಸಂಜೆಗೆ ಅರಳಿ ಯಾರಿಗೂ ಬೇಡವಾಗುತ್ತದೆ. ಕೊಯ್ಯುವುದು ನಾನು ಮತ್ತು ಮಾಂಯ್, ಕಟ್ಟುವುದು ಅಕ್ಕ. ನಾನು ಎಂಟನೆಯ ತರಗತಿ ಮುಗಿಸಿ ಮನೆಯಲ್ಲಿದ್ದೆ. ಅಕ್ಕನಷ್ಟು ಬೇಗ, ಅಷ್ಟು ಒತ್ತಾಗಿ ಕಟ್ಟುವವರು ನಮ್ಮ ದಾರಿಯಲ್ಲಿ ಯಾರೂ ಇರಲಿಲ್ಲ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಕೊಂಕಣಿ, ಮೀನಿನವಳ ಹತ್ತಿರ ತುಳು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸೈರನ್ ಬಂದದ್ದು ಪಾಕಿಸ್ತಾನದ ಜೊತೆ ಯುದ್ಧವಾದ ವರ್ಷ. ನಮ್ಮದು ಕಡಲ ಕರೆಯ ಊರು, ವಿಮಾನಗಳು ಬರಬಹುದು ಎಂದರು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದೆವು. ಕಟಪಾಡಿಯ ಪೇಟೆಯಲ್ಲಿ ಒಂದು ಹಂಚಿನ ಕಟ್ಟಡದ ಪಕ್ಕ ಕಬ್ಬಿಣದ ಅಟ್ಟಳಿಗೆ ಕಟ್ಟಿ ಸೈರನ್ ಕೂರಿಸಿದರು. ಉಡುಪಿಯಿಂದ ಒಬ್ಬರು ಅಧಿಕಾರಿ ಬಂದು ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಭಾಷಣ ಮಾಡಿದರು. ಸೈರನ್ ಕೆಟ್ಟಿಲ್ಲ ಎಂದು ತಿಳಿಯಲು ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ಅದನ್ನು ಕೂಗಿಸಿ ನೋಡಲಾಗುವುದು. ಅದಕ್ಕೆ ಹೆದರಬೇಡಿ. ಬೇರೆ ಯಾವ ಹೊತ್ತಿಗೆ ಕೂಗಿದರೂ ಅಪಾಯ ಎಂದು ತಿಳಿದು ಪೇಟೆಯಿಂದ ದೂರ ಹೋಗಿ. ವಿಮಾನವಾಗಲಿ, ಬೆಂಕಿಯಾಗಲಿ, ಎಲ್ಲಕ್ಕೂ ಇದೇ ಕೂಗು. ಅವರು ಅದನ್ನೇ ಎರಡು ಸಲ ಹೇಳಿ, ಪ್ರಶ್ನೆ ಉಂಟಾ ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಕೇಳುವಂಥದ್ದು ಎಂತ ಇತ್ತು? ಅಷ್ಟು ಸುಲಭದ ಮಾತು.

ಯುದ್ಧ ಬೇಗ ಮುಗಿಯಿತು. ಕಪ್ಪು ಕಾಗದ ಹರಿದು ಒಲೆಗೆ ಹೋಯಿತು. ಸೈರನ್ ಮಾತ್ರ ಕೂಗುತ್ತಲೇ ಇತ್ತು. ಕೂಗಿಸಲು ಆಜ್ಞೆ ಬಂದಿತ್ತು, ನಿಲ್ಲಿಸಲು ಬರಲಿಲ್ಲ.

ನಮಗೂ ಅದು ನಿಲ್ಲುವುದು ಬೇಕಿರಲಿಲ್ಲ. ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಗಂಟೆ ನಸುಕಿಗೆ ಒಮ್ಮೆ, ನಡುಮಧ್ಯಾಹ್ನಕ್ಕೆ ಒಮ್ಮೆ, ಮತ್ತೆ ಸಂಜೆಗೆ. ಹೂವು ಕಟ್ಟಿ ಬಸ್ಸಿಗೆ ಓಡಬೇಕಾದ ಹೊತ್ತಿಗೆ ಸಮಯ ಹೇಳುವವರು ಯಾರೂ ಇರಲಿಲ್ಲ. ಕೈಗಡಿಯಾರ ಇದ್ದದ್ದು ಪಾದ್ರಿಗಳಿಗೆ ಮತ್ತು ಶಾಲೆಯ ಮಾಸ್ತರರಿಗೆ. ಸೈರನ್ ಬಂದ ಮೇಲೆ ನಮ್ಮ ದಾರಿಯ ಹೂವಿನ ಹೆಂಗಸರಿಗೆಲ್ಲ ಜೀವ ಬಂತು. ಸೈರನ್ ಕೂಗಿದಾಗ ಮನೆ ಬಿಟ್ಟರೆ ಅವಸರದಲ್ಲಿ ಹೋಗಿ ಬಸ್ಸು ಹಿಡಿಯಬಹುದಿತ್ತು. ಕಾಪುವಿನಲ್ಲಿ ಮೀನಿನ ಹೆಂಗಸರೂ ಹಾಗೆಯೇ ಮಾಡುತ್ತಿದ್ದರಂತೆ. ಮನೆ ಮನೆಯಲ್ಲೂ ಗಡಿಯಾರವನ್ನು ಸೈರನ್ನಿಗೆ ಸರಿಯಾಗಿ ಇಡುತ್ತಿದ್ದರು. ಆ ಕೂಗಿಗೆ ಹೆದರಿಕೆಯ ಹೆಸರು ಹೋಗಿ, "ಹತ್ತು ಗಂಟೆ" ಎಂಬ ಹೆಸರು ಬಂತು. "ಹತ್ತು ಗಂಟೆ ಕೂಗಿತಾ?" ಎಂದು ಕೇಳುತ್ತಿದ್ದೆವು.

ಮೀನಿನವಳು ಬಂದುಹೋದ ಮರುದಿನ, ಮದುವೆಗಳ ಕಾಲದ ಒಂದು ಬೆಳಿಗ್ಗೆ. ಗಿಡದ ತುಂಬ ಮೊಗ್ಗು. ಅಕ್ಕ ಕಟ್ಟುತ್ತಲೇ ಇದ್ದಳು, ಇನ್ನೂ ಒಂದು ದೊಡ್ಡ ರಾಶಿ ಗೆರಸೆಯಲ್ಲಿ ಬಾಕಿ ಇತ್ತು. ಸೈರನ್ ಕೂಗಿತು.

ಅಕ್ಕ ತಕ್ಷಣ "ಹತ್ತಾಯ್ತು" ಎನ್ನಲಿಲ್ಲ. ರಾಶಿಯನ್ನು ನೋಡಿದಳು, ನಮ್ಮನ್ನು ನೋಡಿದಳು. "ಇಷ್ಟು ಬೇಗವಾ?"

ಪಪ್ಪ ಒಳಗೆ ಹೋಗಿ ಗಡಿಯಾರ ನೋಡಿದರು. "ಒಂಬತ್ತೂವರೆಯೂ ಆಗಿಲ್ಲ ಅಂತ ಹೇಳ್ತದೆ ಇದು. ನಿನ್ನೆ ಕೀ ಕೊಟ್ಟದ್ದು ಯಾರು?"

"ನೀವೇ," ಎಂದಳು ಮಾಂಯ್. "ಮತ್ತೆ ಯಾರನ್ನು ಮುಟ್ಟಲಿಕ್ಕೆ ಬಿಡ್ತೀರಿ ನೀವು ಅದನ್ನು?"

"ಹಾಗಾದ್ರೆ ಇದರ ಆಯುಷ್ಯ ಮುಗೀತು. ಒಂದೇ ದಿನದಲ್ಲಿ ಇಷ್ಟು ಹಿಂದೆ!"

ಮಾಂಯ್ ಅಂಗಳಕ್ಕೆ ಇಣುಕಿದಳು. "ಬಿಸಿಲು ಇನ್ನೂ ಬಾವಿಕಟ್ಟೆಗೆ ಬಂದಿಲ್ಲ ನೋಡಿ."

"ಬಿಸಿಲಿಗಿಂತ ಸರ್ಕಾರಕ್ಕೆ ಚೆನ್ನಾಗಿ ಗೊತ್ತುಂಟು," ಎಂದು ಪಪ್ಪ ಬೆಂಚು ಹತ್ತಿ ಮುಳ್ಳನ್ನು ಹತ್ತಕ್ಕೆ ತಂದು ನಿಲ್ಲಿಸಿದರು. ಅವರು ಅದನ್ನು ತಮಾಷೆಗೆ ಹೇಳಿದ್ದಲ್ಲ. ಹಾಗೆಂದು ನಂಬಿದ್ದರು. ನಾವೆಲ್ಲ ನಂಬಿದ್ದೆವು.

ಅಕ್ಕ ಬಾಕಿ ರಾಶಿಯನ್ನು ನನ್ನ ಕಡೆ ನೂಕಿ, "ಇದನ್ನು ನೀನು ಕಟ್ಟು, ಇಗರ್ಜಿಗೆ ಕೊಡುವ. ನೀನು ಕಟ್ಟಿದ್ದನ್ನು ದೇವರು ಮಾತ್ರ ತಕ್ಕೊಂಡಾರು," ಎಂದು ನನ್ನನ್ನು ಕೆಣಕಿ, ಕಟ್ಟಿದ್ದಷ್ಟನ್ನು ಬುಟ್ಟಿಗೆ ತುಂಬಿದಳು. ಚಪ್ಪಲಿ ಹಾಕಿಕೊಳ್ಳುತ್ತಾ ಆಗ ಕೂಗಿದಳು, "ಹತ್ತಾಯ್ತು!" ಎಲ್ಲರೂ ನಕ್ಕೆವು, ಮುಳ್ಳು ಆಗಲೇ ಹತ್ತಕ್ಕೆ ಬಂದಿತ್ತಲ್ಲ. ಅವಳು ಓಡುತ್ತಾ ಹೋದಳು. ದಾರಿಯ ತಿರುವಿನಲ್ಲಿ ಅವಳ ಹಿಂದೆ ಇನ್ನಿಬ್ಬರು ಹೂವಿನ ಹೆಂಗಸರೂ ಸೆರಗು ಸಿಕ್ಕಿಸಿಕೊಂಡು ಓಡುವುದು ಕಾಣುತ್ತಿತ್ತು.

ಪೇಟೆಯಲ್ಲಿ ಆದದ್ದನ್ನು ನಾವು ನೋಡಿದವರಲ್ಲ. ಬಸ್ಸು ನಿಲ್ಲುವಲ್ಲಿ ಹೋಟೆಲು ಇಟ್ಟಿದ್ದವರು ಆಮೇಲೆ ಹೇಳಿದ್ದು.

ಅಲ್ಲಿ ಸಾಲಾಗಿ ನಾಲ್ಕಾರು ಅಂಗಡಿಗಳಿದ್ದವು. ಒಂದರಲ್ಲಿ ಇಗರ್ಜಿಯ ಹಬ್ಬಕ್ಕೂ ಭೂತದ ಕೋಲಕ್ಕೂ ಬೇಕಾದ ಗರ್ನಾಲು, ಪಟಾಕಿ ಮಾರುತ್ತಿದ್ದರು. ಅದರ ಹಿಂದಿನ ಕೋಣೆಯಲ್ಲಿ ಹೊಗೆ ಕಂಡಿತು. ಯಾರೋ ಓಡಿ ಸೈರನ್ ಕೂಗಿಸಲು ಹೇಳಿದರು. ಕೂಗಿಸಿದರು. ಪೇಟೆಯಲ್ಲಿದ್ದವರು ಹೊಗೆಯನ್ನೂ ನೋಡಿದ್ದರು, ಕೂಗನ್ನೂ ಕೇಳಿದರು. ಎಲ್ಲರೂ ದೂರ ಸರಿದರು; ಆ ದಿನ ಹತ್ತಕ್ಕೆ ಮತ್ತೆ ಕೂಗಿಸಲು ಅಲ್ಲಿ ಯಾರೂ ಇರಲಿಲ್ಲ. ಸೈರನ್ನಿನಿಂದ ಜೀವ ಉಳಿಯಿತು ಎಂದು ಅವರು ಹೇಳುವುದು ಸುಳ್ಳಲ್ಲ.

ಹೊಗೆ ಕಾಣದಷ್ಟು ದೂರದಲ್ಲಿದ್ದು ಕೂಗು ಮಾತ್ರ ಕೇಳಿದವರು ಪೇಟೆಯ ಕಡೆಗೆ ಓಡಿ ಬಂದರು.

"ಒಂದೊಂದೇ ಬುಟ್ಟಿ ಬರ್ತಾ ಉಂಟು," ಎಂದರು ಹೋಟೆಲಿನವರು. "ನಾನು ಬೊಬ್ಬೆ ಹಾಕಿದೆ, ಬರಬೇಡಿ, ಬೆಂಕಿ ಉಂಟು ಅಂತ. ಇಬ್ಬರು ನಿಂತರು. ನಿಮ್ಮ ಮಗಳಿಗೆ ಕಂಡದ್ದು ಬಸ್ಸು."

ಅವಳ ಬಸ್ಸಿಗಿಂತ ಮೊದಲಿನ ಬಸ್ಸೊಂದನ್ನು ಜನ ಆ ಅಂಗಡಿಗಳ ಆಚೆಯೇ ತಡೆದು ನಿಲ್ಲಿಸಿದ್ದರು. ಅಕ್ಕ ಅದನ್ನೇ ತನ್ನ ಬಸ್ಸು ಎಂದು ತಿಳಿದಳು. ತಡವಾಯಿತು, ಈಗ ಹೊರಡುತ್ತದೆ ಎಂದುಕೊಂಡಿರಬೇಕು. ಗುಂಪನ್ನು ಸುತ್ತಿ ಹೋಗುವ ಬದಲು ದಿನವೂ ನುಗ್ಗುತ್ತಿದ್ದ ಓಣಿಗೆ ನುಗ್ಗಿದಳು. ಅದು ಆ ಅಂಗಡಿಯ ಗೋಡೆಗೆ ತಾಗಿದ ಓಣಿ. ಒಳಗಿನ ಗರ್ನಾಲು ಸಿಡಿದು ಗೋಡೆ ಹೊರಗೆ ಬಿತ್ತು.

ಅವಳನ್ನು ಒಂದು ಲಾರಿಯಲ್ಲಿ ಮಲಗಿಸಿ ಮಣಿಪಾಲದ ಆಸ್ಪತ್ರೆಗೆ ಒಯ್ಯಲು ಹೊರಟರು. ಉಡುಪಿ ದಾಟುವ ಮೊದಲೇ ಜೀವ ಹೋಗಿತ್ತು. ಆದರೂ ಮಣಿಪಾಲದವರೆಗೆ ಒಯ್ದರು. ವಾಪಸ್ಸು ತರುವಾಗ ಸಂಜೆಯಾಗಿತ್ತು. ನಾನು ಅಷ್ಟು ಹೊತ್ತಿಗೆ ಆ ಬಾಕಿ ರಾಶಿಯನ್ನು ಕಟ್ಟಿ ಮುಗಿಸಿದ್ದೆ. ಬೇರೆ ಎಂತ ಮಾಡಬೇಕೆಂದು ನನಗೆ ಗೊತ್ತಾಗಲಿಲ್ಲ. ಅದನ್ನೇ ಅವಳ ಮೇಲೆ ಇಟ್ಟರು.

ಮರುದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಮನೆಯಿಂದ ತೆಗೆಯುವ ಹೊತ್ತು. ಇಗರ್ಜಿಯಲ್ಲಿ ಮರಣದ ಗಂಟೆ ಬಾರಿಸುತ್ತಿದ್ದರು. ಅದು ಒಂದು ಪೆಟ್ಟು ಬಿದ್ದು, ಅದರ ಸ್ವರ ಪೂರ್ತಿ ಆರಿದ ಮೇಲೆ ಇನ್ನೊಂದು ಬೀಳುವ ಗಂಟೆ. ಸಣ್ಣ ಮಕ್ಕಳಿಗೂ ಅದು ಪೂಜೆಯ ಗಂಟೆ ಅಲ್ಲ, ಮರಣದ್ದು ಎಂದು ತಿಳಿಯುತ್ತದೆ. ಆ ಎರಡು ಪೆಟ್ಟುಗಳ ನಡುವೆ ಸೈರನ್ ಕೂಗಿತು. ಎಂದಿನ ಹಾಗೆ, ಅಷ್ಟೇ ಉದ್ದಕ್ಕೆ. ಪಾದ್ರಿಗಳು ಪ್ರಾರ್ಥನೆ ನಿಲ್ಲಿಸಿ, ಅದು ಮುಗಿಯುವವರೆಗೆ ತಲೆ ತಗ್ಗಿಸಿ ನಿಂತರು.

ಪಪ್ಪ ರೂಢಿಯಿಂದ ತಲೆ ಎತ್ತಿ ಗೋಡೆ ನೋಡಿದರು. ನಾನೂ ನೋಡಿದೆ. ಗಡಿಯಾರ ಹತ್ತು ದಾಟಿ, ಹತ್ತೂವರೆಯ ಹತ್ತಿರ ಹೋಗಿತ್ತು. ಹಿಂದಿನ ದಿನ ಅವರು ತಳ್ಳಿದ್ದಷ್ಟು ಹೆಚ್ಚು ಕಡಿಮೆ ಹಾಗೆಯೇ ಉಳಿದಿತ್ತು. ಆವತ್ತು ಅದು ಅಷ್ಟು ಹಿಂದೆ ಬಿದ್ದಿರಲೇ ಇಲ್ಲ. ಹೋಟೆಲಿನವರ ಬಾಯಿಂದ ಕೇಳಿದ್ದು ಈಗ ನಮ್ಮ ಗೋಡೆಯ ಮೇಲೆ ಕಂಡಿತು. ಪಪ್ಪ ಬೆಂಚಿನ ಕಡೆಗೆ ಒಂದು ಹೆಜ್ಜೆ ಇಟ್ಟರು. ಮಾಂಯ್ ಅವರ ಅಂಗಿ ಹಿಡಿದು, "ಬೇಡ," ಎಂದಳು. ಅವರು ಮತ್ತೆ ಆ ಗಡಿಯಾರವನ್ನು ಮುಟ್ಟಲಿಲ್ಲ. ಕೀ ಮುಗಿದು ಅದು ತಾನೇ ನಿಂತಿತು.

ಸಂತಾಪಕ್ಕೆ ಬಂದವರು ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಾ ಮಾತಾಡಿದರು. ದುಃಖದ ಮನೆ ಎಂದು ಸ್ವರ ತಗ್ಗಿಸಿದ್ದರು, ಮಾತು ತಗ್ಗಿಸಿರಲಿಲ್ಲ.

"ಸೈರನ್ ಕೇಳಿದ ಮೇಲೂ ಆ ಕಡೆಗೇ ಓಡುವುದಾ?"

"ಶಾಲೆಯಲ್ಲಿ ಅಷ್ಟು ಬಿಡಿಸಿ ಹೇಳಿದ್ರು ಮಾರಾಯ್ರೇ. ದೂರ ಹೋಗಿ ಅಂತ."

"ಪಾಪ, ಹುಡುಗಿಗೆ ತಲೆ ಓಡಲಿಲ್ಲ."

ಹೀಗೆ ಹೇಳಿದವರಲ್ಲಿ ಒಬ್ಬರ ಮನೆಯ ಹೆಂಗಸು ಅದೇ ದಿನ ಅದೇ ದಾರಿಯಲ್ಲಿ ಓಡಿದವಳು. ಅವಳಿಗೆ ಓಣಿಗಿಂತ ಮೊದಲು ಹೋಟೆಲಿನವರ ಬೊಬ್ಬೆ ಕೇಳಿತ್ತು, ಅಷ್ಟೇ. ಅವಳು ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಇದೆಲ್ಲ ಕೇಳಿಸಿಕೊಂಡಳು. ನಾನು ಅವಳ ಮುಖ ನೋಡುತ್ತಾ ನಿಂತೆ. ಅವಳು ಪಾತ್ರೆಯನ್ನೇ ನೋಡುತ್ತಿದ್ದಳು.

ಆಮೇಲೆ ಪೇಟೆಯಲ್ಲಿ ಅದು ಗಾದೆಯ ಹಾಗೆ ಆಯಿತು. ಯಾರಾದರೂ ಪೆದ್ದುತನ ಮಾಡಿದರೆ, "ಸೈರನ್ನಿಗೆ ಓಡಿದವಳ ಹಾಗೆ," ಎನ್ನುತ್ತಿದ್ದರು. ಹೇಳಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದದ್ದು ನಾವು ಹತ್ತಿರ ಇದ್ದರೆ ಮಾತ್ರ. ಮಾಂಯ್ ಒಮ್ಮೆ ಅಂಗಡಿಯಲ್ಲಿ ಅದನ್ನು ಕೇಳಿ, ಸಾಮಾನು ಅಲ್ಲಿಯೇ ಬಿಟ್ಟು ಬಂದಳು. ಅಳಲಿಲ್ಲ. "ನನ್ನ ಮಗಳು ಪೆದ್ದಿ ಅಲ್ಲ," ಎಂದು ಪಪ್ಪನಿಗೆ ಹೇಳಿದಳು. "ಸರ್ಕಾರದವರೇ ಹೇಳಿಕೊಟ್ಟದ್ದನ್ನು ಮಾಡಿದಳು. ಹಾಗೆಂದು ಅವರೇ ಬಂದು ಹೇಳಲಿ. ನನಗೆ ಬೇರೆ ಎಂತದೂ ಬೇಡ."

ಪಪ್ಪ ಉಡುಪಿಗೆ ಹೊರಟರು. ದಮ್ಮಿನವರು ಎಂದು ಮಾಂಯ್ ನನ್ನನ್ನೂ ಜೊತೆಗೆ ಕಳಿಸಿದಳು. ಶಾಲೆಯ ಅಂಗಳದಲ್ಲಿ ಭಾಷಣ ಮಾಡಿದ ಅಧಿಕಾರಿಯೇ ಕಚೇರಿಯಲ್ಲಿದ್ದರು. ಕೆಟ್ಟವರಲ್ಲ. ಪಪ್ಪನಿಗೆ ಕುರ್ಚಿ ಕೊಟ್ಟರು, ನೀರು ತರಿಸಿದರು. ಆದದ್ದಕ್ಕೆ ಬಹಳ ವಿಷಾದ ಎಂದರು. ಪಪ್ಪ ತಮ್ಮ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು.

"ದಿನದ ಪರೀಕ್ಷೆಗೆ ಒಂದು ಕೂಗು, ಅಪಾಯಕ್ಕೆ ಬೇರೆ ಕೂಗು ಇಡಿ ಸ್ವಾಮಿ. ಇಗರ್ಜಿಯಲ್ಲಿ ಹಾಗೆ ಉಂಟು. ಮತ್ತೆ, ಒಂದು ದಿನ ಕಟಪಾಡಿಗೆ ಬಂದು, ಅವಳದ್ದು ತಪ್ಪಲ್ಲ ಅಂತ ಜನರ ಎದುರು ಹೇಳಿ."

"ನಿಯಮ ಸರಳವೇ ಇದೆಯಲ್ಲ," ಎಂದರು ಅಧಿಕಾರಿ, ಮೆಲ್ಲಗೆ. "ಹತ್ತು ಗಂಟೆಗೆ ಕೂಗಿದರೆ ಪರೀಕ್ಷೆ. ಬೇರೆ ಹೊತ್ತಿಗೆ ಕೂಗಿದರೆ ಅಪಾಯ. ಇದರಲ್ಲಿ ಗೊಂದಲ ಎಲ್ಲಿದೆ?"

"ಹತ್ತಾಯಿತು ಅಂತ ನಮಗೆ ಹೇಳುವುದು ಯಾರು?"

"ಗಡಿಯಾರ."

"ಗಡಿಯಾರಕ್ಕೆ?"

ಅಧಿಕಾರಿ ಉತ್ತರ ಕೊಡುವ ಮೊದಲೇ ಉಡುಪಿಯ ಸೈರನ್ ಕೂಗತೊಡಗಿತು. ಅದೂ ಹತ್ತು ಗಂಟೆಗೇ. ಪಕ್ಕದ ಮೇಜಿನ ಗುಮಾಸ್ತರು ಎದ್ದು, ಸ್ಟೂಲು ಎಳೆದು ಅದರ ಮೇಲೆ ನಿಂತು, ಕಚೇರಿಯ ಗೋಡೆ ಗಡಿಯಾರದ ಗಾಜು ತೆರೆದರು.

"ಎಷ್ಟು ಹಿಂದೆ?" ಎಂದು ಕೇಳಿದರು ಅಧಿಕಾರಿ, ಕಾಗದದಿಂದ ತಲೆ ಎತ್ತದೆ.

"ಸ್ವಲ್ಪವೇ ಸಾರ್," ಎಂದು ಗುಮಾಸ್ತರು ಉದ್ದ ಮುಳ್ಳನ್ನು ಬೆರಳಿನಿಂದ ಮುಂದೆ ತಳ್ಳಿದರು.

ಪಪ್ಪ ಅದನ್ನು ನೋಡಿದರು. ಕೂಗು ನಿಲ್ಲುವವರೆಗೂ ನೋಡಿದರು. ಎದ್ದು, ಕೈ ಮುಗಿದು, ಹೊರಗೆ ಬಂದರು. ಅಧಿಕಾರಿ ಹಿಂದಿನಿಂದ, ನಿಮ್ಮ ಮನವಿಯನ್ನು ಮೇಲಿನವರಿಗೆ ತಿಳಿಸುತ್ತೇನೆ, ಬಿಡುವಾದಾಗ ಕಟಪಾಡಿಗೆ ಬರುತ್ತೇನೆ ಎಂದರು. ಬಸ್ಸಿನಲ್ಲಿ ಪಪ್ಪ ದಾರಿಯುದ್ದಕ್ಕೂ ಕೆಮ್ಮಿದರು. ಮನೆಗೆ ಬಂದು ಮಾಂಯ್‌ಗೆ, "ಬರ್ತಾರಂತೆ," ಎಂದಷ್ಟೇ ಹೇಳಿದರು.

ಮಾಂಯ್ ಅದನ್ನು ನಂಬಿದಳು. ಮೊದಮೊದಲು ಪೇಟೆಯ ಕಡೆಯಿಂದ ಜೀಪಿನ ಸದ್ದು ಕೇಳಿದರೆ ಅಂಗಳಕ್ಕೆ ಇಳಿಯುತ್ತಿದ್ದಳು. ಒಂದೆರಡು ಸಲ ಜೀಪು ಬಂದದ್ದೂ ಉಂಟು, ಸೈರನ್ನಿನ ತುಕ್ಕು ನೋಡಲು. ಅಟ್ಟಳಿಗೆಗೆ ಹೊಸ ಬಣ್ಣ ಬಳಿದರು. ಸೈರನ್ ಸರಿಯಾಗಿದೆ ಎಂದು ಹೇಳಿ ಹೋದರು. ಅದು ಸರಿಯಾಗಿಯೇ ಇತ್ತು. ಒಂದು ದಿನವೂ ಕೆಡಲಿಲ್ಲ. ಇಷ್ಟು ನಂಬಿಕೆಯ ವಸ್ತುವನ್ನು ನಾನು ಬೇರೆ ನೋಡಿಲ್ಲ.

ನಮ್ಮ ದಾರಿಯ ಹೂವಿನ ಹೆಂಗಸರು ಕೆಲವು ದಿನ ಸೈರನ್ ಕೇಳಿ ಅಲ್ಲಲ್ಲಿ ನಿಂತು, ಆಕಾಶ ನೋಡಿ, ಒಬ್ಬರನ್ನೊಬ್ಬರು ಕೇಳಿಕೊಂಡು ಹೋಗುತ್ತಿದ್ದರು. ಮಳೆಗಾಲ ಬಂದು ಹೋಗುವಷ್ಟರಲ್ಲಿ ಮತ್ತೆ ಮೊದಲಿನ ಹಾಗೆ ಓಡತೊಡಗಿದರು. ಅವರನ್ನು ನಾನು ಬೈಯಲಾರೆ. ಬಸ್ಸು ಕಾಯುವುದಿಲ್ಲ, ಹೂವೂ ಕಾಯುವುದಿಲ್ಲ. ನಮ್ಮ ಮನೆಯಲ್ಲಿ ಹೂವು ಕಟ್ಟುವ ಕೆಲಸ ನನಗೆ ಬಂತು. ನಾನು ಕಟ್ಟಿದ್ದನ್ನು ಬಸ್ಸಿಗೆ ತಲುಪಿಸಲು ಪಪ್ಪ ಬಿಸಿಲು ನೋಡಿ ಹೊರಡುತ್ತಿದ್ದರು, ಬಹಳ ಮೊದಲೇ ಹೋಗಿ ಕಾಯುತ್ತಿದ್ದರು. ಆ ಓಣಿಯ ಎದುರು ನಿಲ್ಲುತ್ತಿರಲಿಲ್ಲ.

ಪಪ್ಪ ದಮ್ಮಿನಿಂದಲೇ ತೀರಿಕೊಂಡರು. ನನ್ನ ಮದುವೆ ಕಾರ್ಕಳಕ್ಕೆ ಆಯಿತು. ಅಲ್ಲಿ ನಮಗೆ ಯಾವ ಸೈರನ್ನೂ ಕೇಳುತ್ತಿರಲಿಲ್ಲ, ಇಗರ್ಜಿಯ ಗಂಟೆ ಮಾತ್ರ. ಮಲ್ಲಿಗೆ ಗಿಡಗಳನ್ನು ನೋಡುವವರಿಲ್ಲದೆ ಮನೆ ಮಾರಿ, ಮಾಂಯ್ ನನ್ನ ಜೊತೆಗೆ ಬಂದಳು. ಬರುವಾಗ ಆ ನಿಂತ ಗಡಿಯಾರವನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದಳು. ಗೋಡೆಗೆ ಹಾಕಲು ಬಿಡಲಿಲ್ಲ, ಮಂಚದ ಕೆಳಗೆ ಇಟ್ಟಳು. ಕಟಪಾಡಿಯ ಸೈರನ್ ಯಾವಾಗ ನಿಂತಿತು ಎಂದು ನಮಗೆ ಗೊತ್ತಾಗಲೇ ಇಲ್ಲ. ಒಮ್ಮೆ ಬಸ್ಸಿನಲ್ಲಿ ಹೋಗುವಾಗ ನೋಡಿದರೆ ಅಟ್ಟಳಿಗೆ ಮಾತ್ರ ಇತ್ತು. ಅದರ ಕಂಬಕ್ಕೆ ಯಾರೋ ಹಗ್ಗ ಕಟ್ಟಿ ಬಟ್ಟೆ ಒಣಗಲು ಹಾಕಿದ್ದರು.

ಮಾಂಯ್ ಹೋದದ್ದು ಈ ಮಳೆಗಾಲಕ್ಕೆ ಸ್ವಲ್ಪ ಮೊದಲು. ಕೊನೆಯವರೆಗೂ ಬೆಳಿಗ್ಗೆ ಆ ಹೊತ್ತಿಗೆ ಅವಳು ಮಾಡುತ್ತಿದ್ದ ಕೆಲಸ ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದಳು. ಬಿಸಿಲು ನೋಡಿ ತಿಳಿಯುತ್ತಿದ್ದಳೋ, ಹೇಗೋ. ಒಂದು ದಿನ ನನ್ನನ್ನು ಕರೆದು, "ಅವರು ಬಂದಿದ್ದರಾ? ನಾವು ಮನೆ ಮಾರಿ ಬಂದ ಮೇಲೆ ಬಂದು, ನಮ್ಮನ್ನು ಕಾಣದೆ ವಾಪಸ್ಸು ಹೋದರಾ ಹೇಗೆ?" ಎಂದು ಕೇಳಿದಳು. ಯಾರು ಎಂದು ನಾನು ಕೇಳಲಿಲ್ಲ. ಬಂದಿರಬಹುದು ಎಂದು ಹೇಳಬಹುದಿತ್ತು.

ನನಗೆ ಈಗ ಅಕ್ಕನ ಮುಖ ಅಷ್ಟು ಸ್ಪಷ್ಟವಾಗಿ ನೆನಪಿಗೆ ಬರುವುದಿಲ್ಲ. ಜಗಲಿಯಿಂದ ಕೂಗುತ್ತಿದ್ದ ಆ ಸ್ವರ ಬರುತ್ತದೆ. ಅದನ್ನು ಕೇಳಿದವರಲ್ಲಿ ಉಳಿದವಳು ನಾನೊಬ್ಬಳೇ. ಕಟಪಾಡಿಗೆ ಬಂದು, ಜನರ ಎದುರು ನಿಂತು, ಅವಳು ಪೆದ್ದಿಯಾಗಿರಲಿಲ್ಲ ಎಂದು ಯಾರೂ ಇನ್ನೂ ಹೇಳಿಲ್ಲ.